ಬಾಗಿಲು ತೆರೆದರೆ ಸಾಕೇ? ಎಲ್‌ಎಸ್‌ಡಿ ಬಗ್ಗೆ ಮನೋವಿಶ್ಲೇಷಕರು ಕಂಡದ್ದು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪೆನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದರು. ಅದು ಮನಸ್ಸಿಗೆ ಏನು ಮಾಡುತ್ತದೆ ಎಂದು ಗೊತ್ತಾದದ್ದು 1943ರ ಏಪ್ರಿಲ್‌ನಲ್ಲಿ, ಅದೂ ಆಕಸ್ಮಿಕವಾಗಿ. ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಪಾಲು ಒಳಗೆ ಹೋದರೆ ಸಾಕು, ಗೋಡೆ ಅಲೆಯಂತೆ ಅಲುಗುತ್ತದೆ, ಮರೆತ ಸಂಗತಿ ಕಣ್ಣೆದುರು ಬರುತ್ತದೆ, ಕೆಲವರಿಗೆ ‘ನಾನು’ ಎಂಬುದೇ ಕರಗಿ ಹೋದಂತಾಗುತ್ತದೆ.

ಇದು ಬರೀ ನಶೆಯೇ? ಅಥವಾ ಮನಸ್ಸಿನ ಒಳಗೆ ಮೊದಲೇ ಇದ್ದದ್ದು ಹೊರಗೆ ಬರುತ್ತಿದೆಯೇ? ಮನೋವಿಶ್ಲೇಷಕರು ಕೇಳಿದ ಪ್ರಶ್ನೆ ಇದು.

ಸಿಗ್ಮಂಡ್ ಫ್ರಾಯ್ಡ್ ತೀರಿಕೊಂಡದ್ದು 1939ರಲ್ಲಿ. ಎಲ್‌ಎಸ್‌ಡಿಯ ಪರಿಣಾಮ ಅವರಿಗೆ ಗೊತ್ತಿರಲಿಲ್ಲ. ಆದರೆ ಅದನ್ನು ಅರ್ಥ ಮಾಡಿಕೊಳ್ಳಲು ವೈದ್ಯರು ಬಳಸಿದ್ದು ಅವರದ್ದೇ ವಿಚಾರ. ಮನಸ್ಸನ್ನು ಒಂದು ಅಂಗಡಿ ಅಂತ ಇಟ್ಟುಕೊಳ್ಳಿ. ಬಂದವರಿಗೆ ಕಾಣುವುದು ಮುಂದಿನ ಕೌಂಟರ್ ಮಾತ್ರ. ಹಿಂದೆ ಒಂದು ಗೋಡೌನ್ ಇದೆ. ಹಳೆಯ ಭಯ, ನಾಚಿಕೆ, ಆಸೆ, ಬಾಲ್ಯದ ಪೆಟ್ಟು ಎಲ್ಲ ಅಲ್ಲಿ ತುಂಬಿರುತ್ತದೆ. ಅದೇ ಸುಪ್ತ ಮನಸ್ಸು. ಯಾವುದನ್ನು ಹೊರಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ನೋಡಿಕೊಳ್ಳುವವನು ‘ಅಹಂ’. ಇಲ್ಲಿ ಅಹಂ ಅಂದರೆ ಗರ್ವ ಅಲ್ಲ, ಕಾವಲುಗಾರ. ನಿದ್ದೆಯಲ್ಲಿ ಈ ಕಾವಲು ಸಡಿಲವಾಗುತ್ತದೆ, ಆಗ ಕನಸು ಬೀಳುತ್ತದೆ. ಎಲ್‌ಎಸ್‌ಡಿ ಎಚ್ಚರ ಇರುವಾಗಲೇ ಕಾವಲನ್ನು ಸಡಿಲಿಸುತ್ತದೆ ಎಂಬುದು ಅವರ ಲೆಕ್ಕಾಚಾರ.

ಇದನ್ನು ಚಿಕಿತ್ಸೆಗೆ ತಂದವರಲ್ಲಿ ಇಂಗ್ಲೆಂಡಿನ ಡಾ. ರೊನಾಲ್ಡ್ ಸ್ಯಾಂಡಿಸನ್ ಒಬ್ಬರು. 1952ರಲ್ಲಿ ಅವರು ಸ್ಯಾಂಡೋಜ್‌ಗೆ ಹೋಗಿ ಬಂದ ಮೇಲೆ ವೂಸ್ಟರ್‌ಶೈರಿನ ಪೋವಿಕ್ ಆಸ್ಪತ್ರೆಯಲ್ಲಿ ಪ್ರಯೋಗ ಶುರುವಾಯಿತು. 1955ರಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗ ತೆರೆಯಿತು. ಬೇರೆ ಚಿಕಿತ್ಸೆಗೆ ಬಗ್ಗದ ರೋಗಿಗಳಿಗೆ ಮದ್ದು ಕೊಟ್ಟು, ಪಕ್ಕದಲ್ಲಿ ನರ್ಸ್ ಕೂತು, ಕಂಡದ್ದನ್ನು ಆಮೇಲೆ ಮಾತಾಡಿಸುತ್ತಿದ್ದರು. ಮನಸ್ಸಿನ ಗಂಟು ಸಡಿಲಿಸುವ ಈ ವಿಧಾನಕ್ಕೆ ‘ಸೈಕೋಲಿಟಿಕ್’ ಚಿಕಿತ್ಸೆ ಎಂದು ಹೆಸರಾಯಿತು. 1954ರಲ್ಲಿ 36 ರೋಗಿಗಳ ಬಗ್ಗೆ ಭರವಸೆಯ ವರದಿಯೂ ಬಂತು. ಆದರೆ ಹೋಲಿಸಿ ನೋಡಲು ಮದ್ದು ಕೊಡದ ಇನ್ನೊಂದು ಗುಂಪು ಅದರಲ್ಲಿರಲಿಲ್ಲ.

ತೊಡಕು ಇರುವುದೂ ಇಲ್ಲೇ. ಕಾವಲು ಸಡಿಲವಾದ ಮನುಷ್ಯ ಮಗುವಿನಂತಾಗುತ್ತಾನೆ. ಪಕ್ಕದಲ್ಲಿ ಕೂತವರಲ್ಲೇ ತಾಯಿಯನ್ನು ಕಾಣಬಹುದು, ಇಲ್ಲವೇ ಹೊಡೆಯುತ್ತಿದ್ದ ತಂದೆಯನ್ನು ಕಾಣಬಹುದು. ಹಳೆಯ ಸಂಬಂಧದ ಭಾವನೆಯನ್ನು ಎದುರಿದ್ದವರ ಮೇಲೆ ಹೊರಿಸುವ ಇದನ್ನು ಮನೋವಿಶ್ಲೇಷಣೆಯಲ್ಲಿ ‘ವರ್ಗಾವಣೆ’ ಎನ್ನುತ್ತಾರೆ. ಪಕ್ಕದವರು ಒಳ್ಳೆಯವರಾದರೆ ಅದು ಮದ್ದು. ಅಲ್ಲದಿದ್ದರೆ ದೊಡ್ಡ ಅಪಾಯ. ಕಂಡದ್ದೆಲ್ಲ ನಿಜವಾದ ನೆನಪು ಅಂತಲೂ ಹೇಳಲಾಗದು. ಪ್ರಾಗ್‌ನ ಸ್ಟಾನಿಸ್ಲಾವ್ ಗ್ರಾಫ್, ರೋಗಿಗಳು ತಮ್ಮ ಹುಟ್ಟಿನ ನೋವನ್ನೇ ಮತ್ತೆ ಅನುಭವಿಸುತ್ತಾರೆ ಎಂದರು. ಅದಕ್ಕೆ ಪುರಾವೆ ಸಿಕ್ಕಿಲ್ಲ.

ಕಾರ್ಲ್ ಯೂಂಗ್ ಮೊದಲೇ ಎಚ್ಚರಿಸಿದ್ದರು. 1954ರ ಒಂದು ಪತ್ರದಲ್ಲಿ ಅವರು ಹೇಳಿದ ಮಾತಿನ ಸಾರ ಇಷ್ಟು: ಸುಪ್ತ ಮನಸ್ಸಿನ ಬಗ್ಗೆ ಹೆಚ್ಚು ತಿಳಿದಷ್ಟೂ ನೈತಿಕ ಹೊಣೆಯ ಭಾರ ಹೆಚ್ಚುತ್ತದೆ, ಕನಸು ತಂದು ಕೊಡುವಷ್ಟೇ ಸಾಕು. ಸ್ಯಾಂಡಿಸನ್ ಸ್ವತಃ ಯೂಂಗ್ ವಿಚಾರದಿಂದ ಪ್ರಭಾವಿತರು ಎಂಬುದು ಬೇರೆ ಮಾತು.

2002ರಲ್ಲಿ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ, ಆ ಕಾಲದಲ್ಲಿ ಎಲ್‌ಎಸ್‌ಡಿ ಪಡೆದಿದ್ದ 43 ಮಾಜಿ ರೋಗಿಗಳಿಗೆ ಕೋರ್ಟಿನ ಹೊರಗೆ ಒಟ್ಟು 1,95,000 ಪೌಂಡ್ ಪರಿಹಾರ ಕೊಡಲು ಒಪ್ಪಿತು. ಡಾಕ್ಟರರ ಎದುರೇ ತೆಗೆದುಕೊಂಡವರ ಕಥೆ ಇದು.

ಈಗ ಸಂಶೋಧನೆ ಮತ್ತೆ ನಡೆಯುತ್ತಿದೆ. 2023ರ ಜುಲೈಯಿಂದ ಆಸ್ಟ್ರೇಲಿಯಾದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಅಣಬೆಯಲ್ಲಿ ಸಿಗುವ ಸೈಲೋಸಿಬಿನ್ ಎಂಬ ವಸ್ತುವನ್ನು ಅನುಮತಿ ಪಡೆದ ಮನೋವೈದ್ಯರು ಕೊಡಬಹುದು. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿ ಇಟ್ಟುಕೊಳ್ಳುವುದೂ ಅಪರಾಧ. ಗ್ರಾಂನ ಹತ್ತನೇ ಒಂದು ಪಾಲೇ ವಾಣಿಜ್ಯ ಪ್ರಮಾಣ, ಶಿಕ್ಷೆ ಕನಿಷ್ಠ 10 ವರ್ಷ.

‘ಮನಸ್ಸು ತೆರೆಯುತ್ತದೆ, ಒಮ್ಮೆ ನೋಡು’ ಎಂದು ಸ್ನೇಹಿತ ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ತೆರೆಯುತ್ತದೆ. ಆದರೆ ಗೋಡೌನಿನ ಬಾಗಿಲು ಒಮ್ಮೆಲೇ ತೆರೆದಾಗ ಮೈಮೇಲೆ ಬಿದ್ದದ್ದನ್ನು ಒಂದೊಂದಾಗಿ ಎತ್ತಿಡಲು ತಿಂಗಳುಗಟ್ಟಲೆ ಸಮಯ ಬೇಕು, ಕಲಿತವರು ಜೊತೆಗಿರಬೇಕು. ಆ ಸ್ನೇಹಿತ ಅಷ್ಟು ದಿನ ಪಕ್ಕದಲ್ಲಿ ಇರುತ್ತಾನೆಯೇ?