ಡ್ರಾಯರಿನ ಅಡಿಯ ಹೆಸರುಗಳು

ಪುಣೆಯ ನಮ್ಮ ಫ್ಲ್ಯಾಟಿಗೆ ಕಪಾಟು ಮಾಡಲು ಬಂದ ಮಿಸ್ತ್ರಿ ರಾಜಸ್ಥಾನದವರು. ಪ್ಲೈವುಡ್ಡಿಗೆ ಮೈಕಾ ಅಂಟಿಸುವ ಹಿಂದಿನ ದಿನ ನಾನು ಪೆನ್ಸಿಲ್ ಹಿಡಿದು ನಿಂತದ್ದನ್ನು ಕಂಡು, ಅಳತೆಯಲ್ಲಿ ಏನೋ ತಪ್ಪಿದೆ ಅಂದುಕೊಂಡರಂತೆ.

ಈ ಆಸೆ ಹುಟ್ಟಿದ್ದು ಊರಿನ ಮನೆ ಬಿಚ್ಚಿದಾಗ. ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ಇರುವವರಿಲ್ಲದೆ, ಕೊನೆಗೆ ಮರಮುಟ್ಟು ಮಾರಾಟಕ್ಕೆ ಬಂತು. ಹೆಬ್ಬಾಗಿಲ ದಾರಂದ ಎತ್ತಿದಾಗ ಹೊಸ್ತಿಲಡಿ ಒಂದು ತಾಮ್ರದ ಕಾಸು, ಸಣ್ಣ ಕೆಂಪು ಹರಳು ಸಿಕ್ಕಿದವು. ಅದೇನೂ ಆಶ್ಚರ್ಯವಲ್ಲ. ಬಾಗಿಲು ನಿಲ್ಲಿಸುವಾಗ ನವರತ್ನ, ಪಂಚಲೋಹ, ನಾಣ್ಯ ಹಾಕುವುದು ನಮ್ಮಲ್ಲಿ ಈಗಲೂ ಇದೆ. ಆಶ್ಚರ್ಯ ಇದ್ದದ್ದು ದಾರಂದದ ಬೆನ್ನಿನಲ್ಲಿ, ಗೋಡೆಗೆ ಒತ್ತಿಕೊಂಡಿದ್ದ ಬದಿಯಲ್ಲಿ. ಉಳಿಯಿಂದ ಕೊರೆದ ಮೂರು ಅಕ್ಷರ. ಅಜ್ಜಿಯ ಹೆಸರು. ಅಜ್ಜ ಆಚಾರಿಗೆ ಹೇಳಿ ಕೊರೆಸಿದ್ದೋ, ತಾವೇ ಕೊರೆದದ್ದೋ. ನಾಲ್ಕು ಜನರೆದುರು ಆಕೆಯನ್ನು 'ಇವಳೇ' ಎನ್ನುವುದು ಬಿಟ್ಟು ಬೇರೆ ಕರೆದವರಲ್ಲ ಅವರು. ಅಪ್ಪ ಆ ಮರವನ್ನು ಸವರುತ್ತಾ ತುಂಬಾ ಹೊತ್ತು ನಿಂತಿದ್ದರು. ಅದೊಂದನ್ನು ಮಾರಲಿಲ್ಲ.

ನಮ್ಮ ಹೊಯ್ಸಳ ಶಿಲ್ಪಿಗಳು, ಮಲ್ಲಿತಮ್ಮನಂಥವರು, ಎಲ್ಲರಿಗೂ ಕಾಣುವ ಹಾಗೆ ಹೆಸರು ಕೆತ್ತಿದರು. ಮರದವರ ದಾರಿಯೇ ಬೇರೆ ಇರಬೇಕು. ಫ್ರಾನ್ಸಿನ ಆಲ್ಪ್ಸ್ ಸೀಮೆಯ ಪಿಕೊಂತಾಲ್ ಕೋಟೆಯಲ್ಲಿ 1880-81ರಲ್ಲಿ ನೆಲಕ್ಕೆ ಹಲಗೆ ಹಾಸಿದ ಜೋಕಿಮ್ ಮಾರ್ಟಿನ್ ಎಂಬ ಬಡಗಿ, ಹಲಗೆಗಳ ಅಡಿಯಲ್ಲಿ ಪೆನ್ಸಿಲಿನಿಂದ ದಿನಚರಿಯನ್ನೇ ಬರೆದಿಟ್ಟ. ಊರಿನ ಪಾದ್ರಿಯ ಮೇಲಿನ ಸಿಟ್ಟು, ನೆರೆಯವರ ಗುಟ್ಟು, ಎಲ್ಲ. ಬದುಕಿರುವಾಗ ಬಾಯಿ ಬಿಡಲಾಗದ್ದನ್ನೂ ಬರೆದ. ಹಲಗೆ ಏಳುವ ಹೊತ್ತಿಗೆ ತಾನಿರುವುದಿಲ್ಲ ಎಂಬ ಧೈರ್ಯ. ನೂರಿಪ್ಪತ್ತು ವರ್ಷದ ಆಚೆ ನೆಲ ರಿಪೇರಿಗೆ ಬಂದಾಗ ಅದು ಹೊರಬಿತ್ತು.

ಪೆನ್ಸಿಲೇ ಯಾಕೆ ಎಂದರೆ, ಅದರ ಗೆರೆಯ ಕಪ್ಪು ಇಂಗಾಲದ್ದು, ಮಾಸುವುದಿಲ್ಲ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಜಾಗದ ವಿಷಯದಲ್ಲಿ ನನ್ನನ್ನು ತಿದ್ದಿದವರು ಮಿಸ್ತ್ರಿ. ಮೈಕಾದ ಕೆಳಗೆ ಬರೆಯಲು ಹೊರಟಿದ್ದೆ. "ಬೇಡ ಸಾಬ್, ಮುಂದೆ ಯಾರಾದರೂ ಕಿತ್ತರೆ ಪ್ಲೈ ಪದರವೂ ಜೊತೆಗೇ ಏಳುತ್ತದೆ, ಅಕ್ಷರ ಉಳಿಯಲ್ಲ" ಎಂದರು. ಸಿಂಕಿನ ಕೆಳಗೂ ಬೇಡ, ಮಳೆ ಹೊಡೆಯುವ ಹೊರಗೋಡೆ ಕಡೆಗೂ ಬೇಡ. ಕೊನೆಗೆ ಆರಿಸಿದ್ದು ಡ್ರಾಯರಿನ ಅಡಿ.

ಅಜ್ಜಿಯ ಹೆಸರು ಬರೆದೆ, ಅದರ ಕೆಳಗೆ ನಮ್ಮೆಲ್ಲರದ್ದು. ಕನ್ನಡದಲ್ಲೇ. ಮಗಳಿಗೆ ಕನ್ನಡ ಓದಲು ಇನ್ನೂ ತಡವರಿಕೆ, ಅವಳು ತನ್ನ ಹೆಸರಿನ ಬದಲು ಬೆಕ್ಕು ಬಿಡಿಸಿದಳು. "ನಿಮ್ಮದೂ ಬರೀರಿ" ಅಂದೆ ಮಿಸ್ತ್ರಿಗೆ. ಕೈ ಒರೆಸಿಕೊಂಡು, ನಾಗರಿ ಲಿಪಿಯಲ್ಲಿ ತಮ್ಮ ಊರಿನ ಹೆಸರು ಬರೆದರು. ಸ್ವಲ್ಪ ತಡೆದು, ಅದರ ಪಕ್ಕ ಇನ್ನೊಂದು ಹೆಸರು. ಯಾರದ್ದೆಂದು ನಾನು ಕೇಳಲಿಲ್ಲ.

ಆ ಡ್ರಾಯರ್ ಮಾತ್ರ ಇನ್ನೂ ಸ್ವಲ್ಪ ಬಿಗಿ. ಬಂದು ಸರಿಮಾಡುತ್ತೇನೆ ಅಂದಿದ್ದಾರೆ.