ಹೊಳೆಯ ಮೇಲೆ ಎಣ್ಣೆ ತೇಲಿದಾಗ

ಸಾರಿಗೆ ಒಗ್ಗರಣೆ ಕೊಟ್ಟಾಗ ಎಣ್ಣೆ ಮೇಲೆ ತೇಲುವುದನ್ನು ನೀವು ದಿನಾ ನೋಡುತ್ತೀರಿ. ಒಂದು ಚಮಚೆ ಹಾಕಿದರೂ ಪಾತ್ರೆಯ ತುಂಬ ಹರಡಿ ಮಿರಮಿರ ಮಿಂಚುತ್ತದೆ. ಸಾರಿನ ಮೇಲೆ ಅದು ನೋಡಲೂ ಚೆಂದ, ತಿನ್ನಲೂ ಚೆಂದ. ಅದೇ ಎಣ್ಣೆ ನಾವು ಕುಡಿಯುವ ಹೊಳೆಯ ಮೇಲೆ ತೇಲಿದರೆ ಏನು ಮಾಡುವುದು? "ಅಯ್ಯೋ, ಅದೆಲ್ಲ ಹಡಗು, ಬಂದರು ಇರುವ ಊರಿನವರ ಚಿಂತೆ. ನಮಗ್ಯಾಕೆ ಬೇಕು?" ಎಂದು ಪುಟ ತಿರುಗಿಸಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳು.

ನಮ್ಮದು ಸಿಂಧನೂರು ತಾಲ್ಲೂಕಿನ ಮುಕ್ಕುಂದ. ತುಂಗಭದ್ರೆಯ ದಡದ ಊರು. ಆಚೆ ದಡ ಬಳ್ಳಾರಿ ಜಿಲ್ಲೆ. ಹೊಳೆ ದಾಟಲು ನಮಗೆ ಹಡಗೂ ಇಲ್ಲ, ಲಾಂಚೂ ಇಲ್ಲ, ಹರಿಗೋಲೇ ಗತಿ. ಬಿದಿರಿನ ದೊಡ್ಡ ಬುಟ್ಟಿಯಂಥ ಅದರಲ್ಲೇ ಜನ, ಗೊಬ್ಬರದ ಚೀಲ, ಒಮ್ಮೊಮ್ಮೆ ಮೋಟಾರ್ ಸೈಕಲ್ಲೂ ದಾಟುತ್ತವೆ. ಪಂಪ್‌ಸೆಟ್ಟಿನ ಡೀಸೆಲ್ ಕೂಡ.

2019ರ ಸಂಕ್ರಾಂತಿಗೆ ಎರಡು ದಿನ ಮುಂಚಿನ ಮಾತು. ನನ್ನ ಮೈದುನ ಆಚೆ ದಡದಲ್ಲಿ ಲಾವಣಿಗೆ ಹೊಲ ಹಿಡಿದಿದ್ದ. ಇಪ್ಪತ್ತು ಲೀಟರಿನ ಡೀಸೆಲ್ ಕ್ಯಾನು ಒಯ್ಯಬೇಕಿತ್ತು. ಕ್ಯಾನಿನ ಮುಚ್ಚಳ ಯಾವಾಗಲೋ ಕಳೆದುಹೋಗಿತ್ತು. ಸಜ್ಜೆ ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿದ್ದ ನಾನು, ಒಂದು ಪ್ಲಾಸ್ಟಿಕ್ ಚೀಲ ಮುದ್ದೆ ಮಾಡಿ ಬಾಯಿಗೆ ತುರುಕಿ, ಮೇಲೆ ದಾರ ಸುತ್ತಿ, "ಒಯ್ಯಪ್ಪಾ, ಏನೂ ಆಗಲ್ಲ" ಎಂದು ಕೊಟ್ಟೆ. ನಾವು ಹೆಂಗಸರು ಎಷ್ಟು ಡಬ್ಬಿಗಳಿಗೆ ಹೀಗೆ ಮಾಡಿಲ್ಲ ಹೇಳಿ!

ದಡ ಬಿಟ್ಟು ಹತ್ತು ಮಾರು ಹೋಗಿರಲಿಲ್ಲ, ಹರಿಗೋಲು ನೀರೊಳಗಿನ ಬಂಡೆಗೆ ತಾಕಿ ವಾಲಿತು. ಕ್ಯಾನು ಉರುಳಿತು, ಚೀಲ ಕಿತ್ತು ಬಂತು. ಡೀಸೆಲ್ಲು ಒಂದಿಷ್ಟು ಹೊಳೆಗೆ, ಒಂದಿಷ್ಟು ಹರಿಗೋಲಿನ ಒಳಗೆ. ಬಟ್ಟೆ ಒಗೆಯಲು ಬಂದಿದ್ದ ನಾನು ದಡದಿಂದ ನೋಡುತ್ತಲೇ ಇದ್ದೆ. ನವಿಲುಗರಿಯ ಬಣ್ಣದ ಪದರ ನೀರ ಮೇಲೆ ಹಾಸುತ್ತ ಹೋಯಿತು. ನೀರು ತುಂಬುವ ಕಟ್ಟೆಯ ಕಡೆಗೇ ಬಂತು. ಗಮ್ಮೆಂದು ವಾಸನೆ. ಎರಡು ದಿನ ಕಳೆದರೆ ಸುತ್ತಲಿನ ಊರಿನ ಜನರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಸಂಕ್ರಾಂತಿಯ ಹೊಳೆಸ್ನಾನಕ್ಕೆ ಬರುವವರು. ನನ್ನ ಎದೆ ಧಸಕ್ಕೆಂದಿತು.

ನಾನು ಮಾಡಿದ ತಪ್ಪು

ಕೈಯಲ್ಲಿ ಸೋಪಿನ ಪುಡಿಯ ಪಾಕೀಟು ಇತ್ತು. ಪಾತ್ರೆಯ ಜಿಡ್ಡು ಹೋಗುವುದು ಸೋಪಿನಿಂದ ತಾನೇ? ಹಿಂದೆ ಮುಂದೆ ನೋಡದೆ ಅಷ್ಟನ್ನೂ ನೀರಿಗೆ ಸುರಿದೆ. ಬಣ್ಣದ ಪದರ ಒಡೆದು ಮಾಯವಾದಂತೆ ಕಂಡಿತು. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ನಮ್ಮ ಅತ್ತೆ ಮೇಲಿನಿಂದ ಕೂಗಿದರು: "ಏನ್ ಮಾಡಾಕತ್ತಿಯವ್ವ? ಹೊಳಿಗೆ ಸಬಕಾರ ಹಾಕಿದರ ಹೊಳಿ ಬೆಳ್ಳಗಾಗ್ತದೇನು? ಮೀನ ಸಾಯ್ತಾವು!"

ಅವರ ಮಾತೇ ಸರಿ. ಆಮೇಲೆ ಮಗಳ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡೆ. ಸೋಪು ಎಣ್ಣೆಯನ್ನು ಇಲ್ಲವಾಗಿಸುವುದಿಲ್ಲ. ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನ ಒಳಕ್ಕೆ ಬೆರೆಸುತ್ತದೆ. ಮೇಲೆ ತೇಲುವಾಗ ತೆಗೆಯಲು ಬರುತ್ತಿದ್ದ ಎಣ್ಣೆ ಆಮೇಲೆ ಯಾರ ಕೈಗೂ ಸಿಗುವುದಿಲ್ಲ. ಸೋಪಿನ ನೀರು ಮೀನಿನ ಕಿವಿರನ್ನೂ ಕೆಡಿಸುತ್ತದೆ. ಕಣ್ಣಿಗೆ ಕಾಣದಂತಾದರೆ ಚೊಕ್ಕಟವಾಯಿತು ಎಂದು ನಾನು ನಂಬಿದ್ದೇ ತಪ್ಪು.

ಇಬ್ಬರ ಮಾತು

ಅಂಬಿಗ ಹರಿಗೋಲಿನೊಳಗೆ ನಿಂತ ಡೀಸೆಲ್ಲನ್ನು ಮಗ್ಗಿನಿಂದ ಮೊಗೆದು ಹೊರಗೆ ಚೆಲ್ಲಲು ಹೊರಟಿದ್ದ. ನೀರು ತುಂಬಿದರೆ ಹಾಗೆ ಚೆಲ್ಲುವುದು ಅವನಿಗೆ ರೂಢಿ. ಅತ್ತೆ ತಡೆದು, ಹರಿಗೋಲನ್ನು ದಡಕ್ಕೆ ಎಳೆಸಿ, ಅದನ್ನು ಬಕೆಟ್ಟಿಗೆ ತುಂಬಿಸಿದರು. ಕ್ಯಾನಿನಲ್ಲಿ ಉಳಿದದ್ದೂ ಸೇರಿ ಅರ್ಧಕ್ಕರ್ಧ ಡೀಸೆಲ್ಲು ಹೊಳೆಗೆ ಬೀಳದೆ ಉಳಿಯಿತು.

ಮೈದುನ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ವೈನಿ, ಯಾರಿಗೂ ಹೇಳಬ್ಯಾಡ್ರಿ. ಹೊಳಿ ಹರಕೊಂಡು ಹೋಗ್ತದ. ನಾಳಿಗೆ ಏನೂ ಇರಂಗಿಲ್ಲ. ಸುಮ್ನ ನಮ್ಮ ಹೆಸರು ಕೆಡತದ."

ನಿಜ ಹೇಳುತ್ತೇನೆ, ನನಗೂ ಸುಮ್ಮನಿರೋಣ ಅನ್ನಿಸಿತು. ಮುಚ್ಚಳವಿಲ್ಲದ ಕ್ಯಾನು ಕೊಟ್ಟವಳು ನಾನೇ ಅಲ್ಲವೇ? ಆದರೆ ಹೊಳೆ ಹರಿದುಕೊಂಡು ಎಲ್ಲಿಗೆ ಹೋಗುತ್ತದೆ? ಕೆಳಗಿನ ಊರಿಗೆ. ಅಲ್ಲಿ ಹೊಳೆಯ ನೀರನ್ನೇ ಮೋಟಾರಿನಿಂದ ಎತ್ತಿ ನಲ್ಲಿಗೆ ಬಿಡುತ್ತಾರೆ. ನನ್ನ ನಾದಿನಿಯನ್ನು ಕೊಟ್ಟಿರುವುದು ಅದೇ ಊರಿಗೆ. ಆರು ತಿಂಗಳ ಬಾಣಂತಿ. ನಾನು ಫೋನು ತೆಗೆದು ಅವಳಿಗೆ ಹೇಳಿದೆ: "ನಿಮ್ಮೂರ ವಾಟರ್‌ಮ್ಯಾನ್‌ಗೆ ಈಗಲೇ ಮೋಟಾರ್ ಬಂದ್ ಮಾಡಿಸು. ಡೀಸೆಲ್ ಚೆಲ್ಲಿದೆ. ನಮ್ಮದೇ." ಆಮೇಲೆ ನಮ್ಮ ಗ್ರಾಮ ಪಂಚಾಯಿತಿಗೂ ಹೇಳಿ ಕಳಿಸಿದೆವು. "ನಮ್ಮದೇ" ಅನ್ನುವ ಆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡು ಕಷ್ಟದಿಂದ ಹೊರಬಂತು. ಮೈದುನ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಹುಲ್ಲು, ಹೊಟ್ಟು, ಗೋಣಿಚೀಲ

ಅತ್ತೆ ಓದಿದವರಲ್ಲ. "ಕಂದೀಲಿನ ಎಣ್ಣಿ ಚೆಲ್ಲಿದರ ಏನ್ ಹಾಕತೀವಿ? ಹೊಟ್ಟು ಹಾಕತೀವಿಲ್ಲೋ?" ಎಂದರು. ನಮ್ಮದು ಭತ್ತದ ಸೀಮೆ, ಹುಲ್ಲಿಗೆ, ಹೊಟ್ಟಿಗೆ ಬರವೇ? ಬಣವೆಯಿಂದ ಒಣ ಹುಲ್ಲು ಎಳೆದು ತಂದರು. ಮೀನುಗಾರರ ಹಳೇ ಬಲೆಯಲ್ಲಿ ಹುಲ್ಲು ತುಂಬಿ ದಪ್ಪ ಹಗ್ಗದ ಹಾಗೆ ಸುತ್ತಿ ನೀರಿನ ಮೇಲೆ ತೇಲಬಿಟ್ಟು, ಎರಡೂ ತುದಿ ಹಿಡಿದು ಕಟ್ಟಿದರು. ಎಣ್ಣೆ ಬಂದು ಅದಕ್ಕೆ ಆತು ನಿಂತಿತು. ದಡದಲ್ಲಿ ಒಟ್ಟಾದದ್ದನ್ನು ಗೋಣಿಚೀಲ ಅದ್ದಿ ಅದ್ದಿ ತೆಗೆದೆವು. ಸಂಜೆಯ ಹೊತ್ತಿಗೆ ಕಟ್ಟೆಯ ಹತ್ತಿರದ ದಟ್ಟ ಪದರ ಹೋಗಿತ್ತು. ನಾನು ಸೋಪು ಸುರಿದ ಕಡೆ ಮಾತ್ರ ತೆಗೆಯಲು ಏನೂ ಸಿಗಲಿಲ್ಲ. ಮರುದಿನ ಅಲ್ಲೇ ಬೆರಳುದ್ದದ ಮೀನಿನ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಸಂಕ್ರಾಂತಿಯ ಸ್ನಾನವನ್ನು ಊರ ಹಿರಿಯರು ಮೇಲಿನ ಕಟ್ಟೆಗೆ ಬದಲಾಯಿಸಿದರು. ಜನ ಬಂದರು, ಮಿಂದರು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಂಡರು.

ಬೇರೆ ಕಡೆ ಏನಾಯಿತು?

ನಮ್ಮ ಹತ್ತು ಲೀಟರು ಬಲು ಸಣ್ಣದು, ಒಪ್ಪುತ್ತೇನೆ. ಆದರೆ ಕೇಳಿ. ಬೆಂಜಮಿನ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ ಲಂಡನ್ನಿನ ಒಂದು ಕೆರೆಯ ಮೇಲೆ ಒಂದು ಚಮಚೆ ಎಣ್ಣೆ ಹಾಕಿ ನೋಡಿದ. ಅದು ಸುಮಾರು ಅರ್ಧ ಎಕರೆ ಹರಡಿತಂತೆ. 1774ರಲ್ಲಿ ಅವನು ಇದನ್ನು ಬರೆದು ಪ್ರಕಟಿಸಿದ. ಹತ್ತು ಲೀಟರಿನಲ್ಲಿ ಎಷ್ಟು ಚಮಚೆ ಎಂದು ನೀವೇ ಲೆಕ್ಕ ಹಾಕಿ. ಎರಡು ಸಾವಿರ!

ನಮ್ಮ ಕರ್ನಾಟಕದ ಕಾರವಾರದಲ್ಲಿ 2006ರ ಮೇ 30ರಂದು 'ಓಷನ್ ಸೆರಾಯಾ' ಎಂಬ ಹಡಗು ಬಂಡೆಗಳ ಮೇಲೇರಿ ನಿಂತಿತು. ಸುಮಾರು 650 ಟನ್ ಎಣ್ಣೆ ಸಮುದ್ರಕ್ಕೆ ಸೇರಿತು. ಮಳೆಗಾಲದ ಬಾಗಿಲಲ್ಲಿ ಸಮುದ್ರ ಉಕ್ಕುವ ಹೊತ್ತು ಬೇರೆ.

ನದಿಯಲ್ಲೇ ಆದ ದೊಡ್ಡ ಅನಾಹುತ ಬಾಂಗ್ಲಾದೇಶದ್ದು. 2014ರ ಡಿಸೆಂಬರ್ 9ರಂದು ಸುಂದರಬನದ ಶೇಲಾ ನದಿಯಲ್ಲಿ ಮಂಜು ಮುಸುಕಿದ ಬೆಳಗಿನ ಜಾವ ಎಣ್ಣೆ ತುಂಬಿದ ಹಡಗಿಗೆ ಇನ್ನೊಂದು ಹಡಗು ಗುದ್ದಿತು. ಸುಮಾರು ಮೂರೂವರೆ ಲಕ್ಷ ಲೀಟರ್ ಫರ್ನೇಸ್ ಎಣ್ಣೆ ತುಂಬಿದ್ದ ಹಡಗು ಅದು. ಅದು ಡಾಲ್ಫಿನ್‌ಗಳ ನೆಲೆ. ಆಗ ಎಣ್ಣೆ ತೆಗೆದವರು ಯಾರು ಗೊತ್ತೇ? ದಡದ ಹಳ್ಳಿಗಳ ಬಡಜನ. ಪಾತ್ರೆ, ಸ್ಪಂಜು, ಬಲೆ ಹಿಡಿದು ಇಳಿದರು. ಲೀಟರಿಗೆ 30 ಟಾಕಾದಂತೆ ಎಣ್ಣೆ ಕಂಪನಿ ಕೊಂಡುಕೊಂಡಿತು. ಆದರೆ ಮಕ್ಕಳೂ ಸೇರಿ ಎಷ್ಟೋ ಮಂದಿ ಬರಿಗೈಯಲ್ಲೇ ಆ ಕರಿ ಎಣ್ಣೆ ಬಾಚಿದರು. ಆ ಚಿತ್ರಗಳನ್ನು ನೋಡಿದರೆ ತಾಯಿಯ ಕರುಳು ಚುರುಕ್ ಅನ್ನುತ್ತದೆ. 2017ರ ಜನವರಿ 28ರಂದು ಚೆನ್ನೈ ಬಳಿಯ ಎನ್ನೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗಲೂ ಜನ ಬಕೆಟ್ಟಿನಲ್ಲೇ ಎಣ್ಣೆ ಮೊಗೆದರು.

ಅಂದರೆ ಎಲ್ಲಿಯೇ ಆಗಲಿ, ಮೊದಲು ಓಡಿಬರುವವರು ದಡದಲ್ಲಿ ಇರುವವರೇ. ಆದ್ದರಿಂದ ನಮಗೆ ನಾಲ್ಕು ಮಾತು ತಿಳಿದಿರಬೇಕು.

ನೆನಪಿಡಿ

1. ಮೊದಲು ಚೆಲ್ಲುವುದನ್ನು ನಿಲ್ಲಿಸಿ. ಉರುಳಿದ ಕ್ಯಾನು ಎತ್ತಿ ನಿಲ್ಲಿಸಿ. ದೋಣಿಯೊಳಗೆ ಬಿದ್ದದ್ದನ್ನು ನೀರಿಗೆ ಮೊಗೆಯಗೊಡಬೇಡಿ.

2. ಬೀಡಿ, ಬೆಂಕಿಪೊಟ್ಟಣ, ಒಲೆ ಹತ್ತಿರ ಬೇಡ. ಪೆಟ್ರೋಲ್ ಆದರೆ ಯಾರೂ ಸಮೀಪ ಹೋಗಬೇಡಿ, ದೂರ ಸರಿದು 112ಕ್ಕೆ ಇಲ್ಲವೇ ಅಗ್ನಿಶಾಮಕದ 101ಕ್ಕೆ ಫೋನು ಮಾಡಿ.

3. ಕೆಳಗಿನ ಊರಿಗೆ ತಕ್ಷಣ ತಿಳಿಸಿ. ಪಂಚಾಯಿತಿಗೂ ಹೇಳಿ. ಹೆಚ್ಚಿಗೆ ಚೆಲ್ಲಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಯಬೇಕು. ನೀರು ಕೆಡಿಸಬಾರದೆಂದು 1974ರಿಂದಲೇ ಕಾಯ್ದೆ ಇದೆ.

4. ಸೋಪು, ಸೋಪಿನ ಪುಡಿ ಖಂಡಿತ ಹಾಕಬೇಡಿ.

5. ಒಣ ಹುಲ್ಲನ್ನು ಬಲೆಯಲ್ಲೋ ಹಳೇ ಸೀರೆಯಲ್ಲೋ ಸುತ್ತಿ ತೇಲಬಿಡಿ. ಸೆಳವಿಗೆ ನೇರ ಅಡ್ಡ ಕಟ್ಟಿದರೆ ಎಣ್ಣೆ ಅಡಿಯಿಂದ ನುಸುಳುತ್ತದೆ. ದಡದ ಕಡೆಗೆ ಓರೆಯಾಗಿ ಕಟ್ಟಿ, ಆಗ ಎಣ್ಣೆ ತಾನೇ ದಡಕ್ಕೆ ಜಾರಿ ಬರುತ್ತದೆ. ಹುಲ್ಲು ನೆನೆದು ಭಾರವಾದರೆ ಮುಳುಗುವ ಮೊದಲೇ ಬದಲಾಯಿಸಿ. ಹೊಟ್ಟನ್ನು ಬಿಡಿಯಾಗಿ ಎರಚಬೇಡಿ, ಚೀಲದಲ್ಲಿ ತುಂಬಿಯೇ ಬಳಸಿ. ಸೆಳವು ಜೋರಾಗಿದ್ದರೆ ನೀರಿಗೆ ಇಳಿಯುವ ಸಾಹಸ ಬೇಡ.

6. ಕೈಗೆ ರಬ್ಬರ್ ಗ್ಲೌಸ್ ಇರಲಿ, ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವಾದರೂ ಸುತ್ತಿಕೊಳ್ಳಿ. ಮಕ್ಕಳು, ಬಸುರಿಯರು ದೂರ ಇರಲಿ. ಚರ್ಮಕ್ಕೆ ತಾಗಿದರೆ ಬಟ್ಟೆಯಿಂದ ಒರೆಸಿ, ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಆ ನೀರು ಮತ್ತೆ ಹೊಳೆಗೆ ಹೋಗದಿರಲಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ಶುದ್ಧ ನೀರು ಬಿಡಿ, ಡಾಕ್ಟರಿಗೆ ತೋರಿಸಿ.

7. ಮಗು ಡೀಸೆಲ್ಲೋ ಸೀಮೆಎಣ್ಣೆಯೋ ಕುಡಿದರೆ ಬೆರಳು ಹಾಕಿ ವಾಂತಿ ಮಾಡಿಸಲೇಬೇಡಿ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ನೇರ ಆಸ್ಪತ್ರೆಗೆ ಓಡಿ.

8. ಎಣ್ಣೆ ಬಿದ್ದ ನೀರನ್ನು ಕಾಯಿಸಿದರೆ, ಸೋಸಿದರೆ, ಸ್ಫಟಿಕ ಹಾಕಿದರೆ ಕುಡಿಯಲು ಬರುವುದಿಲ್ಲ. ವಾಸನೆ ಹೋಗುವ ತನಕ ಬೇರೆ ನೀರು ತನ್ನಿ. ವಾಸನೆ ಹೋದ ಮೇಲೂ ಪಂಚಾಯಿತಿಯವರಿಂದ ನೀರು ಪರೀಕ್ಷೆ ಮಾಡಿಸಿಯೇ ಕುಡಿಯಿರಿ. ಎಮ್ಮೆ, ಆಕಳನ್ನೂ ಆ ನೀರಿಗೆ ಬಿಡಬೇಡಿ.

9. ಎಣ್ಣೆ ಕುಡಿದ ಹುಲ್ಲನ್ನು ಸುಡಬೇಡಿ, ಬಾವಿಯ ಹತ್ತಿರ ಹೂಳಬೇಡಿ, ದನಕ್ಕೆ ಸಿಗುವಂತೆ ಬಿಡಬೇಡಿ. ತಾಡಪಾಲಿನ ಮೇಲೆ ಒಟ್ಟಿ, ಮುಚ್ಚಿ, ಪಂಚಾಯಿತಿಯವರು ಹೇಳಿದಂತೆ ಮಾಡಿ.

ಡೀಸೆಲ್ ತೆಳ್ಳಗಿನ ಎಣ್ಣೆ. ಬಿಸಿಲಿಗೆ, ಗಾಳಿಗೆ ಬಹುಪಾಲು ಆರಿಹೋಗುತ್ತದೆ. ಹಾಗಾಗಿ ನಾವು ಬೇಗ ಪಾರಾದೆವು. ಹಡಗಿನ ಕರಿ ಎಣ್ಣೆ ಅಂಟು. ಕಲ್ಲಿಗೆ, ಗಿಡದ ಬೇರಿಗೆ ಹತ್ತಿದರೆ ಬಹುಕಾಲ ಬಿಡುವುದಿಲ್ಲ.

ಸಂಕ್ರಾಂತಿಯ ಮರುದಿನ ನಾದಿನಿ ಕೂಸನ್ನೆತ್ತಿಕೊಂಡು ಎಳ್ಳು ಬೀರಲು ಬಂದಳು. "ವೈನಿ, ನೀವು ಫೋನ್ ಮಾಡಿದಾಗ ಮೋಟಾರ್ ಚಾಲೂ ಮಾಡಾಕ ಹೊಂಟಿದ್ದರು" ಎಂದಳು. ಮೈದುನ ಅಲ್ಲೇ ಕೂತಿದ್ದ. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಕೂಸನ್ನು ತೆಗೆದುಕೊಂಡು ಅಂಗಳಕ್ಕೆ ಹೋದ. ಸಂಜೆ ಸಿಂಧನೂರಿಗೆ ಹೋಗಿ ಬಂದವನ ಕೈಯಲ್ಲಿ ಎರಡು ಹೊಸ ಕ್ಯಾನು ಇದ್ದವು, ತಿರುಪಿನ ಗಟ್ಟಿ ಮುಚ್ಚಳದವು.

ಈ ಲೇಖನ ಓದಿ ಮುಗಿಸಿದ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮ ಹಿತ್ತಲಿಗೋ ಹಗೇವಿನ ಮೂಲೆಗೋ ಹೋಗಿ ಡೀಸೆಲ್, ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧ ಇಟ್ಟ ಡಬ್ಬಿಗಳನ್ನು ನೋಡಿ. ಯಾವುದರ ಬಾಯಿಗಾದರೂ ಚಿಂದಿಯೋ ಚೀಲವೋ ತುರುಕಿದ್ದರೆ, ನಾಳೆಯ ಸಂತೆಯಲ್ಲಿ ಮೊದಲು ಅದಕ್ಕೊಂದು ಮುಚ್ಚಳ ತನ್ನಿ.