ಕೀಲಿಯ ಆಯುಸ್ಸು, ಅನ್ಯರ ನೆನಪು

ನಾವು ಬರೆಯುವ ಡೊಮೈನ್ ಹೆಸರನ್ನು ಯಂತ್ರಕ್ಕೆ ತಿಳಿಯುವ ಅಂಕೆಗಳ ವಿಳಾಸವಾಗಿ ಮಾರ್ಪಡಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯು ರೂಪುಗೊಂಡ ಕಾಲದಲ್ಲಿ, ಬಂದ ಉತ್ತರವು ನಿಜವಾದ ಒಡೆಯನಿಂದಲೇ ಬಂದುದೋ, ನಡುದಾರಿಯಲ್ಲಿ ಯಾವನೋ ಕಪಟಿ ತೂರಿಸಿದುದೋ ಎಂಬುದನ್ನು ಪರೀಕ್ಷಿಸುವ ಉಪಾಯವಿರಲಿಲ್ಲ. ಆ ನ್ಯೂನತೆಯನ್ನು ನೀಗಲೆಂದು ಬಂದುದು ಡಿಎನ್‌ಎಸ್‌ಸೆಕ್. ಇದರಲ್ಲಿ ಉತ್ತರದೊಡನೆ ಡಿಜಿಟಲ್ ಸಹಿಯೊಂದು ಬರುತ್ತದೆ. ಸಹಿಯನ್ನು ಒರೆಹಚ್ಚುವ ಸಾರ್ವಜನಿಕ ಕೀಲಿ ಆ ಹೆಸರಿನ ವಲಯದಲ್ಲಿಯೇ, ಅಂದರೆ ಒಡೆಯನ ಆಳ್ವಿಕೆಯ ಭಾಗದಲ್ಲಿಯೇ, ಪ್ರಕಟವಾಗಿರುತ್ತದೆ. ಆ ಕೀಲಿ ನಂಬತಕ್ಕದ್ದೆಂದು ಮೇಲಿನ ವಲಯವು ಡಿಎಸ್ ಎಂಬ ದಾಖಲೆಯ ಮೂಲಕ ಸಾಕ್ಷಿ ನುಡಿಯುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸಾಕ್ಷಿಪರಂಪರೆಯು, 2010ರ ಜುಲೈ 15ರಂದು ಸಹಿಯುಕ್ತವಾದ ರೂಟ್ ವಲಯದಲ್ಲಿ ಪರ್ಯವಸಾನ ಹೊಂದುತ್ತದೆ. ಈ ಕೀಲಿಗಳನ್ನು ಎಂದು ಬಳಕೆಗೆ ತರಬೇಕು, ಎಂದು ನಿವೃತ್ತಿಗೊಳಿಸಬೇಕು ಎಂಬ ವಿಷಯದಲ್ಲಿ ಬಲ್ಲವರಲ್ಲಿಯೂ ಬೇರೂರಿರುವ ಕೆಲವು ಭ್ರಮೆಗಳುಂಟು.

ತಪ್ಪು ಕಲ್ಪನೆ: ಕೀಲಿಯ ಮೇಲೆಯೇ ಅದರ ಅವಧಿ ಬರೆದಿರುತ್ತದೆ.

ಸತ್ಯ: ಜಾಲತಾಣಗಳ ಸರ್ಟಿಫಿಕೇಟುಗಳಲ್ಲಿ ಆರಂಭದ ಮತ್ತು ಅಂತ್ಯದ ದಿನಾಂಕಗಳನ್ನು ಕಂಡು ರೂಢಿಯಾದವರಿಗೆ ಈ ಭಾವನೆ ಹುಟ್ಟುವುದು ಸಹಜವೇ, ಆದರೆ ಡಿಎನ್‌ಎಸ್‌ಸೆಕ್ಕಿನ ಕೀಲಿಯ ದಾಖಲೆಯಲ್ಲಿ ದಿನಾಂಕಕ್ಕೆ ಸ್ಥಳವೇ ಇಲ್ಲ. ದಿನಾಂಕವುಳ್ಳುದು ಸಹಿ. ಅದರ ಅಂತ್ಯದ ದಿನ ಕಳೆಯುವ ಮೊದಲೇ ಮರುಸಹಿ ಮಾಡದೆ ಹೋದರೆ, ಕೀಲಿ ಎಷ್ಟೇ ಸುಭದ್ರವಾಗಿದ್ದರೂ, ಬಳಕೆದಾರರ ಪರವಾಗಿ ವಿಳಾಸವನ್ನು ಕೇಳಿ ತಂದು ಸಹಿಯನ್ನು ಪರಿಶೀಲಿಸುವ ರಿಸಾಲ್ವರುಗಳ ಪಾಲಿಗೆ ಆ ಹೆಸರು ಇಲ್ಲವಾದಂತೆಯೇ ಸರಿ. ಕೀಲಿಯ ಆಯುಸ್ಸನ್ನಾದರೋ ಒಡೆಯನೇ ನಿಶ್ಚಯಿಸಬೇಕು. ಆದರೆ ಅವನ ನಿಶ್ಚಯಕ್ಕೂ ಒಂದು ಮಿತಿಯುಂಟು.

ತಪ್ಪು ಕಲ್ಪನೆ: ಹೊಸ ಕೀಲಿಯನ್ನಿಟ್ಟು ಹಳೆಯದನ್ನು ತೆಗೆದರೆ ಬದಲಾವಣೆ ಮುಗಿಯಿತು.

ಸತ್ಯ: ಅರಸನು ತನ್ನ ಮುದ್ರೆಯುಂಗುರವನ್ನು ಬದಲಿಸಿದನೆಂದಿಟ್ಟುಕೊಳ್ಳೋಣ. ಹೊಸ ಮುದ್ರೆಯ ಅಚ್ಚು ದೂರದ ಠಾಣ್ಯಗಳನ್ನು ತಲುಪುವ ಮುನ್ನವೇ ಆ ಮುದ್ರೆಯ ಓಲೆ ಹೋದರೆ ಅಧಿಕಾರಿಯು ಅದನ್ನು ಸುಳ್ಳೋಲೆಯೆಂದು ಹರಿದೆಸೆಯುತ್ತಾನೆ; ಹಳೆಯ ಮುದ್ರೆಯ ಓಲೆಗಳು ಇನ್ನೂ ಹಾದಿಯಲ್ಲಿರುವಾಗಲೇ ಆ ಮುದ್ರೆ ಸಲ್ಲದೆಂದು ಸಾರಿದರೆ ಅವೂ ವ್ಯರ್ಥವಾಗುತ್ತವೆ. ಡಿಎನ್‌ಎಸ್ಸಿನಲ್ಲಿಯೂ ಹಾಗೆಯೇ. ಲೋಕದ ರಿಸಾಲ್ವರುಗಳು ಒಮ್ಮೆ ಪಡೆದ ಉತ್ತರವನ್ನು ಟಿಟಿಎಲ್ ಎಂಬ ಕಾಲಮಿತಿಯವರೆಗೆ ನೆನಪಿನಲ್ಲಿಟ್ಟುಕೊಳ್ಳುತ್ತವೆ. ಆ ನೆನಪಿನ ಮೇಲೆ ಒಡೆಯನಿಗೆ ಯಾವ ಅಧಿಕಾರವೂ ಇಲ್ಲ. ಆದುದರಿಂದ ದಿನನಿತ್ಯದ ಸಹಿಗೆ ಬಳಸುವ ಕೀಲಿಯನ್ನು ಬದಲಿಸುವವನು ಮೊದಲು ಹೊಸ ಕೀಲಿಯನ್ನು ಸುಮ್ಮನೆ ಪ್ರಕಟಿಸಿ, ಹಳೆಯ ಕೀಲಿಪಟ್ಟಿಯ ಟಿಟಿಎಲ್ ಕಳೆಯುವವರೆಗೆ ಕಾದು, ಆಮೇಲೆ ಅದರಿಂದ ಸಹಿ ಮಾಡಲಾರಂಭಿಸಿ, ಹಳೆಯ ಸಹಿಗಳು ಎಲ್ಲರ ನೆನಪಿನಿಂದಲೂ ಅಳಿದ ಮೇಲೆಯೇ ಹಳೆಯ ಕೀಲಿಯನ್ನು ತೆಗೆಯತಕ್ಕದ್ದು. ಮೇಲಿನ ವಲಯದ ಸಾಕ್ಷಿಯನ್ನು ಆಶ್ರಯಿಸಿದ ಕೀಲಿಯಾದರೆ, ಅಲ್ಲಿಯ ಡಿಎಸ್ ದಾಖಲೆಯ ಟಿಟಿಎಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರ ಮೇ ತಿಂಗಳ ಕೊನೆಯಲ್ಲಿ ನ್ಯೂಜಿಲೆಂಡಿನ ಡಾಟ್ ಎನ್‌ಝಡ್ ಅಡಿಯ ವಲಯಗಳಲ್ಲಿ ಕೀಲಿ ಬದಲಾದಾಗ ತಪ್ಪಿದುದು ಈ ಲೆಕ್ಕವೇ: ಹಳೆಯ ಡಿಎಸ್ ರಿಸಾಲ್ವರುಗಳ ನೆನಪಿನಲ್ಲಿ ಇನ್ನೂ ಉಳಿದಿರುವಾಗಲೇ ಹಳೆಯ ಕೀಲಿ ಮರೆಯಾಗಿ, ಆ ದೇಶದ ಎಷ್ಟೋ ತಾಣಗಳು ಕೆಲಕಾಲ ಅನೇಕರಿಗೆ ಎಟುಕದಾದುವು.

ತಪ್ಪು ಕಲ್ಪನೆ: ಕೀಲಿಯನ್ನು ಎಷ್ಟು ಬೇಗಬೇಗನೆ ಬದಲಿಸಿದರೆ ಅಷ್ಟು ಕ್ಷೇಮ.

ಸತ್ಯ: ಪ್ರತಿಯೊಂದು ಬದಲಾವಣೆಯೂ ಪ್ರಮಾದಕ್ಕೆ ಒಂದು ಅವಕಾಶ. 2012ರ ಜನವರಿ 18ರಂದು ಅಮೆರಿಕದ ನಾಸಾ ಸಂಸ್ಥೆಯ ಹೆಸರಿನಲ್ಲಿ ಕೀಲಿಬದಲಾವಣೆ ತಪ್ಪಿದಾಗ, ಸಹಿಯನ್ನು ನಿಷ್ಠೆಯಿಂದ ಪರಿಶೀಲಿಸುತ್ತಿದ್ದ, ಅಂತರಜಾಲ ಸೇವೆಯ ಕಾಮ್‌ಕಾಸ್ಟ್ ಕಂಪನಿಯ ಗ್ರಾಹಕರಿಗೆ ಆ ತಾಣ ಕಾಣದಾಯಿತು. ಕಂಪನಿಯೇ ಅದನ್ನು ಮುಚ್ಚಿತೆಂಬ ಅಪವಾದವೂ ಹುಟ್ಟಿತು. ಹಾಗೆಂದು ಎಂದಿಗೂ ಬದಲಿಸಬಾರದೆಂದಲ್ಲ. ಬದಲಿಸುವ ಅಭ್ಯಾಸವೇ ಇಲ್ಲದವನು ಆಪತ್ಕಾಲದಲ್ಲಿ ತಡವರಿಸುತ್ತಾನೆ. ಇದಕ್ಕೆಂದೇ ಎರಡು ಬಗೆಯ ಕೀಲಿಗಳನ್ನಿಡುವ ಪದ್ಧತಿಯುಂಟು. ರೂಟ್ ವಲಯದಲ್ಲಿ, ದಿನನಿತ್ಯದ ಸಹಿಗೆ ಬಳಸುವ, ಹೊರಗಿನವರ ಸಹಕಾರವನ್ನು ಬೇಡದ ಝಡ್‌ಎಸ್‌ಕೆ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ; ಕೀಲಿಪಟ್ಟಿಗೆ ಸಹಿ ಹಾಕುವ, ಲೋಕದ ಪರಿಶೀಲಕ ರಿಸಾಲ್ವರುಗಳೆಲ್ಲ ನಂಬಿಕೆಯ ಮೂಲವೆಂದು ಹೊತ್ತಿರುವ ಕೆಎಸ್‌ಕೆಯಾದರೋ 2010ರಿಂದ 2018ರವರೆಗೆ ಎಂಟು ವರ್ಷ ಒಂದೇ ಆಗಿತ್ತು.

ತಪ್ಪು ಕಲ್ಪನೆ: ಕೀಲಿ ಕಳುವಾದರೆ ಆ ಕ್ಷಣವೇ ಅಳಿಸಿದಲ್ಲಿ ಕಳ್ಳನ ಕೈ ಬರಿದಾಗುತ್ತದೆ.

ಸತ್ಯ: ಅಳಿಸಿದ ಕ್ಷಣದಲ್ಲಿ ತುಂಡಾಗುವುದು ಮೊದಲು ನಮ್ಮದೇ ಸಾಕ್ಷಿಸರಪಳಿ. ಹಳೆಯ ಡಿಎಸ್ಸಿಗೆ ಮೇಲಿನ ವಲಯವು ಹಾಕಿದ ಸಹಿಯ ಅವಧಿ ಮುಗಿಯುವವರೆಗೆ, ಕಳ್ಳನು ಆ ಹಳೆಯ ಸಾಕ್ಷಿಯನ್ನೇ ಮತ್ತೆ ತೋರಿಸಿ ತನ್ನ ಕಪಟದ ಉತ್ತರವನ್ನು ಚಲಾಯಿಸಬಲ್ಲನು. ಆದಕಾರಣ ಇಲ್ಲಿಯೂ ತ್ವರೆಗೆ ಮಿತಿಯುಂಟು. ಆ ಮಿತಿಯನ್ನು ಮುಂಚಿತವಾಗಿಯೇ ಕಿರಿದಾಗಿಸುವುದು, ಅಂದರೆ ಟಿಟಿಎಲ್ ಮತ್ತು ಸಹಿಯ ಅವಧಿಗಳನ್ನು ಅತಿಯಾಗಿ ನೀಳವಾಗಿಡದಿರುವುದು, ವಿವೇಕ.

ತಪ್ಪು ಕಲ್ಪನೆ: ಸಾರಿದ ದಿನವನ್ನು ಮುಂದೂಡುವುದು ಅಸಾಮರ್ಥ್ಯದ ಲಕ್ಷಣ.

ಸತ್ಯ: ರೂಟ್ ಕೆಎಸ್‌ಕೆಯ ಮೊದಲ ಬದಲಾವಣೆಗೆ 2017ರ ಅಕ್ಟೋಬರ್ 11 ನಿಗದಿಯಾಗಿತ್ತು, ಹೊಸ ಕೀಲಿಯೂ ಅದೇ ವರ್ಷದ ಜುಲೈ 11ರಂದು ಪ್ರಕಟವಾಗಿತ್ತು. ಹೊಸ ಕೀಲಿಯನ್ನು ಹಳೆಯದರ ಸಹಿಯೊಡನೆ 30 ದಿನ ಕಂಡ ಮೇಲೆ ರಿಸಾಲ್ವರು ತಾನಾಗಿ ಅದನ್ನು ನಂಬತಕ್ಕದ್ದೆಂಬ ನಿಯಮವಿತ್ತು. ಆದರೂ ಅನೇಕ ರಿಸಾಲ್ವರುಗಳು ಇನ್ನೂ ಹಳೆಯದೊಂದನ್ನೇ ಅರಿತಿವೆಯೆಂಬ ಸೂಚನೆ ಬರಲು, ರೂಟ್ ಕೀಲಿಯ ಹೊಣೆ ಹೊತ್ತ ಐಕ್ಯಾನ್ ಸಂಸ್ಥೆಯು ಸೆಪ್ಟೆಂಬರ್ ಕೊನೆಯಲ್ಲಿ ಕಾರ್ಯವನ್ನು ತಡೆಹಿಡಿದು, ಒಂದು ವರ್ಷ ಕಾದು, 2018ರ ಅಕ್ಟೋಬರ್ 11ರಂದು ಅದನ್ನು ನೆರವೇರಿಸಿತು; ಹೇಳಿಕೊಳ್ಳುವಂಥ ಅನರ್ಥವೇನೂ ಆಗಲಿಲ್ಲ. ಹಳೆಯ ಕೀಲಿಯನ್ನೂ ಅಂದೇ ಕಿತ್ತೆಸೆಯದೆ, 2019ರ ಜನವರಿ 11ರಂದು ರದ್ದುಗೊಂಡುದೆಂದು ಸಾರಿ, ಮಾರ್ಚ್ 22ರಂದು ವಲಯದಿಂದ ತೆಗೆದರು.

2018ರಲ್ಲಿ ಬಳಕೆಗೆ ಬಂದ ಕೀಲಿಯ ಉತ್ತರಾಧಿಕಾರಿಯಾಗಿ 2024ರಲ್ಲಿ ಹುಟ್ಟಿದ ಇನ್ನೊಂದು ಕೀಲಿಯು 2025ರ ಜನವರಿ 11ರಂದು ರೂಟ್ ವಲಯದಲ್ಲಿ ಪ್ರಕಟವಾಯಿತು. ಅದು ಸಹಿ ಮಾಡಲು ಗೊತ್ತಾದ ದಿನ 2026ರ ಅಕ್ಟೋಬರ್ 11. ನಡುವಣ ಇಪ್ಪತ್ತೊಂದು ತಿಂಗಳು ಅದಕ್ಕೆ ಒಂದು ಸಹಿಯ ಕೆಲಸವೂ ಇಲ್ಲ. ತನ್ನನ್ನು ಹಿಂದೆಂದೂ ಕಾಣದ ಲಕ್ಷಾಂತರ ಯಂತ್ರಗಳ ನೆನಪಿನೊಳಗೆ ನೆಲೆಯೂರುವುದೇ ಆ ಅವಧಿಯಲ್ಲಿ ಅದರ ಉದ್ಯೋಗ.